ಚಿನ್ನ ಗೆದ್ದವಳ ಚಿಕ್ಕಮ್ಮ

ನಾನು ಐದು ದಿನ ಒಬ್ಬ ಚಾಂಪಿಯನ್ ಹುಡುಗಿಯ ಚಿಕ್ಕಮ್ಮನಾಗಿದ್ದೆ. ಆ ಹುಡುಗಿಯನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಅವಳ ಹೆಸರು ಕೇಳಿರಲಿಲ್ಲ. ಅವಳು ಗೆದ್ದ ಆಟ ಯಾವುದೆಂದು ಕೂಡ ಮೊದಲ ದಿನ ಮಧ್ಯಾಹ್ನದವರೆಗೆ ನನಗೆ ಗೊತ್ತಿರಲಿಲ್ಲ.

ನಾವಿರುವುದು ಮುಂಬಯಿಯ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ. ನಮ್ಮವರು ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ನಾವು ತುಳುವಿನಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ನಾನು ಠಾಣೆ ನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಫೋನ್ ಎತ್ತುವವಳು. "ರಿಪೋರ್ಟ್ ಸಂಜೆ ಆರರ ನಂತರ ಸಿಗುತ್ತದೆ", "ಡಾಕ್ಟರಿಗೇ ತೋರಿಸಿ, ನಾವು ಹೇಳುವ ಹಾಗಿಲ್ಲ". ಈ ಎರಡು ಮಾತನ್ನು ಇಪ್ಪತ್ತೆರಡು ವರ್ಷದಿಂದ ನಾಲ್ಕು ಭಾಷೆಯಲ್ಲಿ ಹೇಳುತ್ತಾ ಬಂದಿದ್ದೇನೆ. ಆ ಕಡೆಯಿಂದ ಮಾತಾಡುವವರ ಗಂಟಲಲ್ಲಿ ಯಾವಾಗಲೂ ಒಂದು ಚೂರು ಹೆದರಿಕೆ ಇರುತ್ತದೆ. ಸಂತೋಷ ತಡೆಯಲಾಗದೆ ಲ್ಯಾಬಿಗೆ ಫೋನ್ ಮಾಡಿದವರನ್ನು ನಾನು ಕಂಡಿಲ್ಲ. ನಾನು ಮಾಡಿದ ತಪ್ಪಿಗೆ ಇದೊಂದು ನೆಪ ಎಂದು ಬೇಕಾದರೆ ತಿಳಿಯಿರಿ.

ಮೊದಲ ಫೋನ್ ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ, ಗಾಡಿ ಒಳಗೆ ಬರುತ್ತಿರುವಾಗ. ಮನೆಗೆ ಬೆಂಕಿ ಬಿದ್ದಿದೆ ಎಂದರೂ ನಾವು ಆ ಹೊತ್ತಿನಲ್ಲಿ ಫೋನ್ ಎತ್ತುವವರಲ್ಲ. ಆ ದಿನ ಹೇಗೋ ಬೆರಳು ತಾಗಿ ಅದು ತಾನೇ ತೆರೆದುಕೊಂಡಿತು.

"ಯವ್ವಾ, ಗೆದ್ದೆಲ್ಲವ್ವಾ!" ಒಬ್ಬ ಹೆಂಗಸಿನ ದನಿ, ಬಿಜಾಪುರದ ಕಡೆಯದು. "ಏನ್ ನಡದೀ, ಏನ್ ನಡದೀ! ನಮ್ಮ ಮನ್ಯಾಗ ಮುಂಜಾನಿಂದ ಯಾರೂ ಚಾ ಸೈತ ಕುಡದಿಲ್ಲ. ಬರೇ ನೀ ನಡಿಯೂದನ್ನ ನೋಡಾಕತ್ತೇವಿ!"

ನಾನು ಆಗಷ್ಟೇ ಮನೆಯಿಂದ ಸ್ಟೇಷನ್ನಿಗೆ ಹನ್ನೆರಡು ನಿಮಿಷದಲ್ಲಿ ನಡೆದು ಬಂದಿದ್ದೆ. ಅದನ್ನು ಯಾರು ನೋಡಿದರು? ಯಾಕೆ ನೋಡಿದರು? ಸುತ್ತ ತಿರುಗಿ ನೋಡುವಷ್ಟರಲ್ಲಿ ಹಿಂದಿನವರು ನನ್ನನ್ನು ಒಳಗೆ ತಳ್ಳಿದರು, ಫೋನ್ ಕಟ್ಟಾಯಿತು.

ಠಾಣೆ ಬರುವಷ್ಟರಲ್ಲಿ ಇನ್ನೂ ಏಳು ಫೋನ್ ಬಂದವು. ಒಬ್ಬರು "ಕೋಚ್ ಸರ್ ಇದ್ದಾರಾ?" ಎಂದರು. ಒಬ್ಬರು ಹಲೋ ಕೂಡ ಹೇಳದೆ "ಭಾರತ ಮಾತಾ ಕೀ" ಎಂದು ಕೂಗಿ ನಾನು ಮುಂದಿನದನ್ನು ಹೇಳಲಿ ಎಂದು ಕಾದರು. ನಾನೂ ಸಣ್ಣ ದನಿಯಲ್ಲಿ ಹೇಳಿಬಿಟ್ಟೆ. ಪಕ್ಕದಲ್ಲಿ ನೇತಾಡುತ್ತಿದ್ದ ನನ್ನ ರೈಲಿನ ಗೆಳತಿ, ಠಾಣೆಯಲ್ಲಿ ಮರಾಠಿ ಶಾಲೆಯ ಟೀಚರ್, ಹುಬ್ಬು ಏರಿಸಿ ನನ್ನನ್ನೇ ನೋಡಿದಳು.

ಗುಟ್ಟು ಬಿಡಿಸಿದ್ದು ಮಗಳು. ಹತ್ತೂವರೆಗೆ ಅವಳಿಂದ ಒಂದು ಚಿತ್ರ ಬಂತು. ನೀಲಿ ಬನಿಯನ್ ತೊಟ್ಟ ಸಣಕಲು ಹುಡುಗಿ, ಕೊರಳಲ್ಲಿ ಪದಕ, ಹೆಗಲ ಮೇಲೆ ಬಾವುಟ. ಕೆಳಗೆ ಕನ್ನಡದಲ್ಲಿ: ನವಿಮುಂಬಯಿ ಕಾಮೋಠೆಯ ನಮ್ಮ ಕನ್ನಡತಿಗೆ ಏಷ್ಯಾ ಕೂಟದಲ್ಲಿ ಚಿನ್ನ! ಕೋಚ್ ಅವರ ಮೂಲಕ ಅಭಿನಂದಿಸಿ. ಅದರ ಕೆಳಗೆ ಒಂದು ಮೊಬೈಲ್ ನಂಬರ್. ನನ್ನದು.

"ಅಮ್ಮಾ, ತೂ ಕೋಚ್ ಕಬ್ ಬನೀ?" ನೀನು ಕೋಚ್ ಆದದ್ದು ಯಾವಾಗ ಎಂದು ಮಗಳ ಪ್ರಶ್ನೆ.

ಆ ಚಿತ್ರ ಮಾಡಿದವರು ಯಾರೆಂದು ಹುಡುಕಿ ಫೋನ್ ಮಾಡಿದೆ. ಯಾವುದೋ ಕನ್ನಡ ಗುಂಪಿನ ಉತ್ಸಾಹಿ ಮನುಷ್ಯ. ಕೊನೆಯ ಎರಡು ಅಂಕಿಗಳನ್ನು ಹಿಂದುಮುಂದು ಮಾಡಿದ್ದರು. "ಅಯ್ಯೋ ಮೇಡಂ, ಖುಷಿಯಲ್ಲಿ ಕೈ ನಡುಗಿತು" ಎಂದು ಕ್ಷಮೆ ಕೇಳಿದರು, ತಮ್ಮ ಗುಂಪಿನಲ್ಲಿ ತಿದ್ದಿಯೂ ತಿದ್ದಿದರು. ಆದರೆ ಆ ಹೊತ್ತಿಗೆ ಅದು ಬೀದರಿನಿಂದ ಮಂಗಳೂರಿನವರೆಗೆ ಎಲ್ಲ ಮೊಬೈಲುಗಳಲ್ಲಿ ಓಡಾಡುತ್ತಿತ್ತು. ಸರಿಯಾದ ನಂಬರಿಗೆ ನಾನೇ ಮಾಡಿ ನೋಡಿದೆ. ಕೋಚ್ ಹುಡುಗಿಯ ಜೊತೆ ಹೊರದೇಶದಲ್ಲಿದ್ದರಲ್ಲ, ಸ್ವಿಚ್ ಆಫ್.

ಊಟದ ಹೊತ್ತಿನಲ್ಲಿ ಲ್ಯಾಬಿನವರೆಲ್ಲ ಸೇರಿ ಅವಳ ಸ್ಪರ್ಧೆಯ ವಿಡಿಯೊ ನೋಡಿದೆವು. ಅದು ವೇಗನಡಿಗೆ. ಇಪ್ಪತ್ತು ಕಿಲೋಮೀಟರ್ ನಡೆಯಬೇಕು, ಓಡಬಾರದು. ಒಂದು ಕಾಲು ಯಾವಾಗಲೂ ನೆಲದ ಮೇಲಿರಬೇಕು, ಮುಂದಿಟ್ಟ ಕಾಲು ನೆಟ್ಟಗಿರಬೇಕು. ದಾರಿಯುದ್ದಕ್ಕೂ ತೀರ್ಪುಗಾರರು ನಿಂತು ಕಾಲನ್ನೇ ನೋಡುತ್ತಿರುತ್ತಾರೆ. ಹೀಗಾಗಿ ನಡೆಯುವವರ ಸೊಂಟ ಬಲಕ್ಕೂ ಎಡಕ್ಕೂ ಬಳುಕುತ್ತದೆ, ಮೊಣಕೈಗಳು ಹೊಲಿಗೆ ಮಿಷನ್ನಿನ ಹಾಗೆ ಆಡುತ್ತವೆ. ಮೊದಲ ಒಂದು ನಿಮಿಷ ನಾವು ನಕ್ಕೆವು. ರಕ್ತ ತೆಗೆಯುವ ಹುಡುಗಿಯೊಬ್ಬಳು ಎದ್ದು ಅದೇ ರೀತಿ ನಡೆದು ತೋರಿಸಿ ಫ್ರಿಜ್ಜಿಗೆ ಡಿಕ್ಕಿ ಹೊಡೆದಳು.

ಆಮೇಲೆ ನಗು ತಾನಾಗಿಯೇ ನಿಂತಿತು. ಕೊನೆಯ ಸುತ್ತಿನಲ್ಲಿ ನಮ್ಮವಳು ಎರಡನೆಯವಳಾಗಿದ್ದಳು. ಮುಂದಿನವಳಿಗೂ ಇವಳಿಗೂ ಒಂದು ಬಸ್ಸಿನಷ್ಟು ಅಂತರ. ಓಡಿ ಹಿಡಿಯೋಣ ಎಂದರೆ ಓಡುವ ಹಾಗಿಲ್ಲ! ಓಡಲು ಕಾಲು ಹಾತೊರೆಯುವಾಗ ನಡೆದೇ ಹಿಡಿಯಬೇಕು. ಅವಳ ಮುಖ ನೋಡಲಾಗುತ್ತಿರಲಿಲ್ಲ. ಬಸ್ಸಿನಷ್ಟು ಅಂತರ ರಿಕ್ಷಾದಷ್ಟಾಯಿತು, ಕೈಯಳತೆಯಷ್ಟಾಯಿತು. ಬೆಳಿಗ್ಗೆಯೇ ಮುಗಿದುಹೋಗಿದ್ದ ಸ್ಪರ್ಧೆ, ಗೆದ್ದದ್ದೂ ನಮಗೆ ಗೊತ್ತು. ಆದರೂ ಎಲ್ಲರೂ ಮೇಜು ಬಡಿಯುತ್ತಿದ್ದೆವು. ಯಾರಿಗೂ ಅವಳ ಹೆಸರು ಸರಿಯಾಗಿ ಬಾಯಿಗೆ ಬರುತ್ತಿರಲಿಲ್ಲ. ಆದ್ದರಿಂದ ಅವಳ ಎದೆಯ ಮೇಲೆ ಬರೆದಿದ್ದ ಹೆಸರನ್ನೇ ಕೂಗಿದೆವು. "ಇಂಡಿಯಾ! ಇಂಡಿಯಾ!" ರಿಪೋರ್ಟಿಗೆ ಕಾಯುತ್ತಾ ಹೊರಗೆ ಕೂತಿದ್ದ ಪೇಶಂಟುಗಳೂ ಏನಾಯಿತೆಂದು ಒಳಗೆ ಬಂದು ನಿಂತರು. ಉಪವಾಸದ ಟೆಸ್ಟಿಗೆ ಬಂದಿದ್ದ ಅಜ್ಜ ಒಬ್ಬರು ನಮ್ಮ ಡಬ್ಬಿಯಿಂದ ಒಂದು ಚಕ್ಕುಲಿ ತೆಗೆದು ಬಾಯಿಗೆ ಹಾಕಿಕೊಂಡೇ ಬಿಟ್ಟರು. ಅವರ ಟೆಸ್ಟನ್ನು ಮರುದಿನಕ್ಕೆ ಬರೆದುಕೊಂಡೆವು.

ಆ ಮಧ್ಯಾಹ್ನವೂ ಬಂದ ಫೋನುಗಳಿಗೆಲ್ಲ ನಾನು "ರಾಂಗ್ ನಂಬರ್" ಎಂದೇ ಹೇಳುತ್ತಿದ್ದೆ. ಹಾಗೆನ್ನುತ್ತಲೇ ಆ ಕಡೆಯ ದನಿ ಇಳಿದುಬಿಡುತ್ತಿತ್ತು. "ಓ... ಹೌದಾ... ಸಾರಿ." ತಟ್ಟೆಗೆ ಬಡಿಸಿದ್ದನ್ನು ಕಿತ್ತುಕೊಂಡ ಹಾಗೆ ನನಗೆ ಅನ್ನಿಸುತ್ತಿತ್ತು. ನಾಲ್ಕು ಗಂಟೆಗೆ ರಾಯಚೂರಿನ ಕಡೆಯ ಒಂದು ಹಳ್ಳಿ ಶಾಲೆಯ ಟೀಚರ್ ಮಾಡಿದರು. ಅವರ ಹಿಂದೆ ಇಡೀ ತರಗತಿ ಗಲಾಟೆ ಮಾಡುತ್ತಿತ್ತು. "ಮಕ್ಳೆಲ್ಲ ಅಕ್ಕಾಗ ಒಂದ್ ಮಾತು ಹೇಳ್ಬೇಕಂತ ಕುಂತಾರ್ರೀ" ಎಂದರು.

"ಕ್ಷಮಿಸಿ, ಇದು ರಾಂಗ್ ನಂಬರ್."

ಟೀಚರ್ ಏನೋ ಸನ್ನೆ ಮಾಡಿರಬೇಕು. ಅಷ್ಟೂ ಮಕ್ಕಳ ಗದ್ದಲ ಒಮ್ಮೆಲೇ ನಿಂತಿತು. ಆ ಮೌನ ನನಗೆ ತಡೆಯಲಾಗಲಿಲ್ಲ.

"ಅಂದರೆ... ನಾನು ಅವಳಲ್ಲ," ಎಂದೆ. "ನಾನು ಅವಳ ಚಿಕ್ಕಮ್ಮ."

ಆ ಕಡೆ ಛಾವಣಿ ಹಾರಿಹೋಗುವಂಥ ಕೂಗು ಎದ್ದಿತು. ಮಕ್ಕಳು ಒಬ್ಬೊಬ್ಬರೇ ಬಂದು ತಾವೂ ನಡೆಯುತ್ತೇವೆ, ತಾವೂ ಗೆಲ್ಲುತ್ತೇವೆ ಎಂದು ಹೇಳಿದರು. ಒಬ್ಬಳು ಮಾತ್ರ "ನಾ ನಡಿಯಂಗಿಲ್ಲ, ನಾ ಓಡ್ತೀನಿ" ಎಂದಳು. ಫೋನಿಟ್ಟ ಮೇಲೆ ನನ್ನ ಕಿವಿ ಬಿಸಿಯಾಗಿತ್ತು. ಹಳೆಯ ಲ್ಯಾಬ್ ರಿಜಿಸ್ಟರ್ ಒಂದನ್ನು ತೆಗೆದು, ಹಿಂದಿನ ಖಾಲಿ ಪುಟಗಳಲ್ಲಿ, ಯಾರು ಏನು ಹೇಳಿದರು ಎಂದು ಬರೆಯತೊಡಗಿದೆ. ಹೇಗಾದರೂ ಅವಳಿಗೆ ತಲುಪಿಸಿದರೆ ಸುಳ್ಳು ಅರ್ಧವಾದರೂ ನಿಜವಾಗುತ್ತದೆ ಎಂದು ಲೆಕ್ಕ ಹಾಕಿದ್ದೆ.

ಮನೆಗೆ ಬಂದು ಹೇಳಿದಾಗ ನಮ್ಮವರು ಚಮಚವನ್ನು ತಟ್ಟೆಯಲ್ಲಿಟ್ಟು "ನಿಕ್ಕ್ ಮರ್ಲಾ?" ಎಂದರು. ನಿನಗೆ ಹುಚ್ಚೇ ಎಂದು ಕೇಳುವುದಕ್ಕೆ ತುಳುವಿನಲ್ಲಿ ಇದಕ್ಕಿಂತ ಚಿಕ್ಕ ದಾರಿ ಇಲ್ಲ. ಮಗಳು "ಅಮ್ಮಾ, ಯೇ ಗಲತ್ ಹೈ" ಎಂದಳು. ತಪ್ಪೆಂದು ನನಗೂ ಗೊತ್ತಿತ್ತು. ಅಷ್ಟರಲ್ಲಿ ಮತ್ತೆ ಫೋನ್ ಬಂತು, ಸೊಲ್ಲಾಪುರ ದಾರಿಯಿಂದ ಒಬ್ಬ ಲಾರಿ ಡ್ರೈವರ್. "ಅಕ್ಕಾರ, ನನಗ ಭಾಷಣ ಮಾಡಾಕ ಬರಂಗಿಲ್ಲ. ಆಕಿಗಿ ಇದನ್ನ ಕೇಳಸ್ರಿ" ಎಂದು ಫೋನನ್ನು ಹೊರಗೆ ಹಿಡಿದು ಹಾರನ್ ಬಾರಿಸಿದ. ಅವನ ಹಿಂದಿನ ಲಾರಿಯೂ ಬಾರಿಸಿತು. ಅದರ ಹಿಂದಿನದೂ. ಹತ್ತು ಹನ್ನೆರಡು ಲಾರಿಗಳ ಹಾರನ್ ನಮ್ಮ ಅಡುಗೆಮನೆಯಲ್ಲಿ ತುಂಬಿಕೊಂಡಿತು. ಮಗಳು ತನಗೆ ಗೊತ್ತಿಲ್ಲದೆಯೇ ಕುಣಿಯತೊಡಗಿದಳು. ನಮ್ಮವರು ಕೆಳಗೆ ನೋಡುತ್ತಾ ಊಟ ಮಾಡಿದರು, ಆದರೆ ಅವರ ಭುಜ ಅಲುಗುತ್ತಿತ್ತು.

ಮಂಗಳವಾರ, ಬುಧವಾರ ನಾನು ನೆಲದ ಮೇಲೆ ಇರಲಿಲ್ಲ. ಕಲಬುರಗಿಯ ಆಸ್ಪತ್ರೆಯ ಬಾಗಿಲಿನಿಂದ ಒಬ್ಬ ಅತ್ತೆ ಫೋನ್ ಮಾಡಿದ್ದರು. ಸೊಸೆ ಒಳಗಿದ್ದಾಳೆ, ಹೆಣ್ಣಾದರೆ ಚಾಂಪಿಯನ್ನಿನ ಹೆಸರನ್ನೇ ಇಡುತ್ತೇವೆ, ಆದ್ದರಿಂದ ಹೆಸರಿನ ಕಾಗುಣಿತ ಸರಿಯಾಗಿ ಹೇಳಬೇಕು ಎಂದು. ಒಬ್ಬ ಗಂಡಸು ತಾನು ಅತ್ತದ್ದನ್ನು ಹೆಂಡತಿಗೆ ಹೇಳಬೇಡಿ ಎಂದರು. ಅವರ ಹೆಂಡತಿ ಯಾರೆಂದೇ ನನಗೆ ಗೊತ್ತಿರಲಿಲ್ಲ. ಕಾರ್ಕಳದವರೊಬ್ಬರು ಅವಳು ಏನು ತಿನ್ನುತ್ತಾಳೆಂದು ಕೇಳಿದರು. ನಾನು ಏನೂ ಯೋಚಿಸದೆ "ಮೀನು" ಎಂದುಬಿಟ್ಟೆ. "ನಾನು ಹೇಳಲಿಲ್ಲವಾ! ಮೀನು ತಿಂದರೆ ಮಾತ್ರ ಹಾಗೆ ನಡೆಯಲಿಕ್ಕೆ ಆಗುವುದು" ಎಂದು ಪಕ್ಕದವರಿಗೆ ಕೂಗಿ ಹೇಳಿದರು. ಅರ್ಧ ಗಂಟೆಯ ನಂತರ ಬಾಗಲಕೋಟೆಯವರು ಕೇಳಿದಾಗ "ಜೋಳದ ರೊಟ್ಟಿ" ಎಂದೆ. ಅವರಿಗೂ ಅಷ್ಟೇ ಹೆಮ್ಮೆ. ಅವಳು ತಮ್ಮ ಅಡುಗೆಮನೆಯಿಂದಲೇ ಹೊರಟು ಗೆದ್ದಳೆಂದು ಇಬ್ಬರಿಗೂ ಬೇಕಾಗಿತ್ತು.

ನಿವೃತ್ತ ಡ್ರಿಲ್ ಮಾಸ್ತರರೊಬ್ಬರು ಬುಧವಾರ ಫೋನ್ ಮಾಡಿದರು. ಸಿಂದಗಿಯ ಕಡೆಯವರು. "ನಾ ನಿವೃತ್ತಿ ಆಗಿ ಹನ್ನೊಂದು ವರ್ಷ ಆತ್ರಿ. ಆದ್ರೂ ಸುದ್ದಿ ಕೇಳಿ ಸಾಲಿಗೆ ಹೋಗಿ ಘಂಟಿ ಹೊಡದೆ. ಹೆಡ್ ಮಾಸ್ತರು ಬೈದ್ರು. ಬೈಲಿ ಬಿಡ್ರಿ. ಮೂವತ್ತಾರು ವರ್ಷ ಹುಡುಗರಿಗೆ ಲೆಫ್ಟ್ ರೈಟ್ ಕಲಿಸೀನಿ. ನಡಿಯೂದಕ್ಕ ಬಂಗಾರ ಕೊಡ್ತಾರಂತ ಯಾರೂ ನನಗ ಹೇಳೇ ಇದ್ದಿಲ್ಲ!" ಅವರ ಜೊತೆ ನಾನು ಇಪ್ಪತ್ತು ನಿಮಿಷ ಮಾತಾಡಿದೆ.

ರೈಲಿನಲ್ಲಿ ಗೆಳತಿಗೆ ನಿಜ ಹೇಳಬೇಕೆಂದಿದ್ದೆ. ಆದರೆ ಅವಳು ನನ್ನ ಫೋನ್ ಮಾತುಗಳ ನಡುವೆ 'ಚಿಕ್ಕಮ್ಮ' ಎಂಬ ಶಬ್ದ ಹಿಡಿದು, ಅರ್ಥ ಊಹಿಸಿ, ಬುಧವಾರ ಸಂಜೆ ಠಾಣೆಯಿಂದ ಹೊರಟ ಕಲ್ಯಾಣ್ ಗಾಡಿಯ ಇಡೀ ಲೇಡೀಸ್ ಡಬ್ಬಿಗೆ ಸಾರಿಬಿಟ್ಟಳು. "ತೀ ಹಿಚೀ ಭಾಚೀ ಆಹೇ!" ಆ ಹುಡುಗಿ ಇವಳ ಅಕ್ಕನ ಮಗಳು! ಬಟಾಣಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು. ಯಾರೋ ಪದಕ ಕೊಡುವ ವಿಡಿಯೊ ಹಾಕಿದರು. ಬಾವುಟ ಮೇಲೇರತೊಡಗಿತು, ಮೊಬೈಲಿನಿಂದ ರಾಷ್ಟ್ರಗೀತೆ ಕೇಳಿಸಿತು.

ಕೂತವರು ಒಬ್ಬೊಬ್ಬರೇ ಎದ್ದು ನಿಂತರು. ಸಂಜೆಯ ಗಾಡಿಯಲ್ಲಿ ಸೀಟು ಬಿಟ್ಟು ಏಳುವುದೆಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಡಬ್ಬಿಯಲ್ಲಿ ಒಂದು ಸೀಟಿನ ಮೇಲೂ ಯಾರೂ ಇಲ್ಲ, ನೂರಾರು ಹೆಂಗಸರು ಒಬ್ಬರಿಗೊಬ್ಬರು ಅಂಟಿಕೊಂಡು ನೆಟ್ಟಗೆ ನಿಂತಿದ್ದಾರೆ, ಕೆಲವರ ಕಣ್ಣಲ್ಲಿ ನೀರು, ಎಲ್ಲರ ಕಣ್ಣೂ ಖಾಲಿ ಸೀಟಿನ ಮೇಲೆ! ಗೀತೆ ಮುಗಿದ ಕ್ಷಣ ಏನಾಗುತ್ತದೋ ಎಂದು ನನಗೆ ನಗು ಉಕ್ಕಿ ಬರುತ್ತಿತ್ತು, ಅದನ್ನು ತಡೆದು ತಡೆದು ಹೊಟ್ಟೆ ನೋಯುತ್ತಿತ್ತು. "ಜಯ ಹೇ" ಮುಗಿಯಿತು. ಯಾರೂ ಕೂರಲಿಲ್ಲ. ಕಿಟಕಿ ಪಕ್ಕದ ಸೀಟಿನವಳು ನನ್ನ ಕೈ ಹಿಡಿದು ಎಳೆದು "ಮಾವಶೀ, ಬಸಾ", ಚಿಕ್ಕಮ್ಮಾ ಕೂತುಕೊಳ್ಳಿ, ಎಂದು ನನ್ನನ್ನು ಅಲ್ಲಿ ಕೂರಿಸಿದಳು. ಆಮೇಲೆ ಉಳಿದವರು ಕಿತ್ತಾಡಿದರು.

ಕಿಟಕಿಯ ಸೀಟಿನಲ್ಲಿ, ಮುಖಕ್ಕೆ ಬಡಿಯುವ ಗಾಳಿಯಲ್ಲಿ, ನಾನು ಡೊಂಬಿವಲಿಯವರೆಗೆ ರಾಣಿಯ ಹಾಗೆ ಹೋದೆ. ನಾಚಿಕೆ ಇರಲಿಲ್ಲವೇ? ಇತ್ತು. ಎರಡನೆಯ ಸ್ಟೇಷನ್ ಮುಂಬ್ರಾ ದಾಟುವವರೆಗೆ ಇತ್ತು.

ಇಳಿದು ಹೋಟೆಲಿಗೆ ಹೋದರೆ ನಮ್ಮವರು ಗಲ್ಲೆಯಲ್ಲಿ ಕೂತು ಯಾರೋ ಗಿರಾಕಿಗೆ ಹೇಳುತ್ತಿದ್ದರು: "ನನ್ನ ಹೆಂಡತಿಯ ಅಕ್ಕನ ಮಗಳು. ಸಣ್ಣಂದಿನಿಂದಲೂ ನಡೆಯುವುದರಲ್ಲಿ ಮುಂದೆ." ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿ ಕಿವಿಯವರೆಗೆ ಕೆಂಪಾದರು.

"ನಿಮಗೆ ಮರ್ಲಾ?" ಎಂದು ಕೇಳಿದೆ.

"ಕೇಳಿದರು ಮಾರಾಯ್ತಿ. ನಾನೇನು ಮಾಡುವುದು? ಎಷ್ಟು ಖುಷಿಯಲ್ಲಿ ಕೇಳಿದರು ಗೊತ್ತುಂಟಾ!"

ಗುರುವಾರ ಮಧ್ಯಾಹ್ನ ಒಂದು ಫೋನ್ ಬಂತು. ಮೆತ್ತಗಿನ ಗಂಡು ದನಿ, ಹಿಂದೆ ಯಾರೋ ಭಾರ ಎತ್ತುತ್ತಾ ಹಿಂದಿಯಲ್ಲಿ ಕೂಗುವುದು ಕೇಳುತ್ತಿತ್ತು.

"ನಮಸ್ಕಾರ್ರೀ. ಇದು ಕೋಚ್ ಸಾಹೇಬರ ನಂಬರ್ ಏನ್ರಿ?"

ನನಗೆ ಆ ಹೊತ್ತಿಗೆ ಮಾತು ಬಾಯಿಪಾಠವಾಗಿತ್ತು. "ಕೋಚ್ ಊರಲ್ಲಿಲ್ಲ. ನಾನು ಅವಳ ಚಿಕ್ಕಮ್ಮ. ಏನು ಹೇಳಬೇಕೋ ನನಗೆ ಹೇಳಿ, ಬರೆದುಕೊಳ್ಳುತ್ತೇನೆ."

"ಚಿಗವ್ವ?"

"ಹೌದು. ಅವಳ ತಾಯಿಯ ತಂಗಿ."

ಅವರು ತುಂಬಾ ನಿಧಾನವಾಗಿ ಕೇಳಿದರು. "ಹೌದೇನ್ರಿ? ನಾನು ಆಕಿ ಅಪ್ಪರೀ. ಹಂಗಾದ್ರ ನೀವು ನನಗ ನಾದಿನಿ ಆಗ್ಬೇಕು."

ನನ್ನ ಕೈಯಿಂದ ಪೆನ್ ಬಿದ್ದಿತು. ಆಚೆ ಮೇಜಿನವರು ತಿರುಗಿ ನೋಡಿದರು. ಏನು ಹೇಳಲಿ? ಲ್ಯಾಬಿನಲ್ಲಿ ಕಲಿತ ನಾಲ್ಕು ಭಾಷೆಯ ಎರಡು ವಾಕ್ಯವೂ ಆಗ ಉಪಯೋಗಕ್ಕೆ ಬರಲಿಲ್ಲ. ಫೋನಿಟ್ಟುಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಆ ಮನುಷ್ಯ ಫೋನ್ ಮಾಡಿದ್ದು ಮಗಳ ದನಿ ಕೇಳಲು ಅಲ್ಲವೇ. ಎಲ್ಲವನ್ನೂ ಹೇಳಿದೆ. ಹಿಂದುಮುಂದಾದ ಅಂಕಿ, ರಾಯಚೂರಿನ ಮಕ್ಕಳು, ಮೌನ, ಸುಳ್ಳು, ರಿಜಿಸ್ಟರು, ರೈಲಿನ ಸೀಟು, ಮೀನಿನ ಮಾತು ಕೂಡ. ಹೇಳುತ್ತಾ ಹೇಳುತ್ತಾ ಅಳು ಬಂತು. "ನನ್ನದು ತಪ್ಪಾಯಿತು ಅಣ್ಣ."

ಆ ಕಡೆಯಿಂದ ಒಂದು ವಿಚಿತ್ರ ಸದ್ದು ಬರುತ್ತಿತ್ತು. ಅವರು ನಗುತ್ತಿದ್ದರು. ಉಸಿರು ಸಿಗದ ಹಾಗೆ ನಗುತ್ತಿದ್ದರು.

"ನನಗೊಬ್ಬಾಕಿ ನಾದಿನಿ ಅದಾಳಂತ ಇಪ್ಪತ್ತೈದು ವರ್ಷ ನನ್ನ ಹೇಣ್ತಿ ಮುಚ್ಚಿಟ್ಟಿದ್ಲು ನೋಡ್ರಿ!" ಎಂದರು. ಆಮೇಲೆ ಮೂಗು ಒರೆಸಿಕೊಂಡು, "ಅಳಬ್ಯಾಡ್ರಿ ಅಕ್ಕಾರ. ಗೆದ್ದಾಗಿನಿಂದ ನನಗ ಒಬ್ರೂ ಕನ್ನಡದಾಗ ಮಾತಾಡ್ಸಾಕ ಸಿಕ್ಕಿದ್ದಿಲ್ಲ. ಆ ಲಾರಿ ಹಾರನ್ ಎಷ್ಟ್ ಬಾರಿಸಿದ್ರು ಅಂದ್ರಿ?"

ಅವರು ಭಿವಂಡಿಯ ಒಂದು ಗೋದಾಮಿನಲ್ಲಿ ಚೀಲ ಹೊರುವ ಕೆಲಸದವರು. ವಾರವಿಡೀ ಅಲ್ಲೇ ಇದ್ದು ಶನಿವಾರ ಸಂಜೆ ಕಾಮೋಠೆಯ ಮನೆಗೆ ಹೋಗುತ್ತಾರೆ. ಮಗಳು ಹೊರದೇಶದಿಂದ ಪಕ್ಕದ ಮನೆಯವರ ಮೊಬೈಲಿಗೆ ಒಂದೇ ಸಲ ಮಾಡಿ ಅವ್ವನ ಜೊತೆ ಮಾತಾಡಿದ್ದಳಂತೆ. ಅಪ್ಪನಿಗೆ ಇನ್ನೂ ಸಿಕ್ಕಿರಲಿಲ್ಲ. ಯಾರೋ ಕಳಿಸಿದ ಚಿತ್ರದಲ್ಲಿ ನಂಬರ್ ನೋಡಿ, ಅಲ್ಲಿಗೆ ಮಾಡಿದರೆ ಮಗಳು ಸಿಗುತ್ತಾಳೆಂದು ಮೂರು ದಿನ ಧೈರ್ಯ ಕೂಡಿಸಿ ಮಾಡಿದ್ದರು. ನಾನು ಸರಿಯಾದ ನಂಬರ್ ಕೊಟ್ಟೆ. ಶುಕ್ರವಾರ ಕೋಚ್ ಊರಿಗೆ ಬಂದು ಫೋನ್ ಆನ್ ಮಾಡಿದರು, ಕೇಳಿದವರಿಗೆಲ್ಲ ನಾನು ಆ ನಂಬರನ್ನೇ ಕೊಟ್ಟೆ, ನನ್ನ ಚಿಕ್ಕಮ್ಮನ ಪದವಿ ಅಲ್ಲಿಗೆ ಮುಗಿಯಿತು. ಅದೇ ಸಂಜೆ ಅಪ್ಪನ ಫೋನ್ ಮತ್ತೆ ಬಂತು. "ಭಾನುವಾರ ಬರ್ರಿ. ಆ ಬುಕ್ ತರ್ರಿ. ಅಣ್ಣಾರನ್ನೂ, ಮಗಳನ್ನೂ ಕರಕೊಂಡು ಬರ್ರಿ."

ನಮ್ಮವರಿಗೆ ಭಾನುವಾರ ಹೋಟೆಲಿನಲ್ಲಿ ಬಿಡುವಿಲ್ಲ. ಮಗಳು ಬರುತ್ತೇನೆಂದವಳು ನಿದ್ದೆ ಬಿಟ್ಟು ಏಳಲಿಲ್ಲ. ನಾನೊಬ್ಬಳೇ ಠಾಣೆಯಲ್ಲಿ ಗಾಡಿ ಬದಲಿಸಿ ಕಾಮೋಠೆಗೆ ಹತ್ತಿರದ ಮಾನಸರೋವರ ಸ್ಟೇಷನ್ನಿನಲ್ಲಿ ಇಳಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗಲ್ಲಿಯ ತುಂಬಾ ಬ್ಯಾನರುಗಳು. ಒಂದರಲ್ಲಿ ಮರಾಠಿಯಲ್ಲಿ 'ನಮ್ಮ ಮಗಳು', ಇನ್ನೊಂದರಲ್ಲಿ ಕನ್ನಡದಲ್ಲಿ 'ನಮ್ಮ ಮಗಳು', ಮೂರನೆಯದರಲ್ಲಿ ಹಿಂದಿಯಲ್ಲಿ. ಅವುಗಳ ಕೆಳಗೆ ಎರಡು ಕೋಣೆಯ ಮನೆ, ಬಾಗಿಲಲ್ಲಿ ಚಪ್ಪಲಿಗಳ ರಾಶಿ.

ಎಲ್ಲರ ಮಗಳು ಒಳಗೆ ನೆಲದ ಮೇಲೆ ಕೂತು, ಉಪ್ಪುನೀರು ಹಾಕಿದ ಟಬ್ಬಿನಲ್ಲಿ ಕಾಲು ಇಳಿಬಿಟ್ಟಿದ್ದಳು. ಎರಡು ಉಗುರು ಕಪ್ಪಾಗಿದ್ದವು. ಚಿತ್ರದಲ್ಲಿ ಕಂಡದ್ದಕ್ಕಿಂತ ಇನ್ನೂ ಸಣ್ಣವಳು. ನನ್ನನ್ನು ನೋಡಿ ಅವಳು ಮೊದಲು ಕೇಳಿದ್ದು, ಅವಳು ಮೀನು ತಿನ್ನುತ್ತಾಳೆಂದು ನಾನು ಹೇಳಿದ್ದು ನಿಜವೇ ಎಂದು: "ಆಂಟಿ, ಸಚ್ಚೀ ಮೇ ಆಪ್‌ನೇ ಬೋಲಾ ಕೀ ಮೈ ಮಛಲೀ ಖಾತೀ ಹೂಂ?"

"ಮೀನಾ?" ಒಲೆಯ ಮುಂದಿದ್ದ ಅವಳ ಅವ್ವ ರೊಟ್ಟಿ ಕೈಯಲ್ಲಿ ಹಿಡಿದೇ ಹೊರಗೆ ಬಂದರು. ಕಾಮೋಠೆಯ ಎತ್ತರದ ಕಟ್ಟಡಗಳಿಗೆ ಸಿಮೆಂಟು ಹೊತ್ತ ಗಟ್ಟಿ ಹೆಂಗಸು. "ನಮ್ಮನ್ಯಾಗ ಮೀನಾ? ತಂಗಿ, ನೀ ತಂಗಿ ಅಂತ ಹೇಳ್ಕೊಂಡಿ, ಇರ್ಲಿ. ಅಕ್ಕನ ಮನ್ಯಾಗ ಏನ್ ಬೇಯಸ್ತಾರ ಅಂತ ಒಂದ್ ಮಾತು ಕೇಳಬಾರದಾ?"

ನಾನು ಕೈಮುಗಿದೆ. ಅವರು ನನ್ನ ಕೈಗೆ ರೊಟ್ಟಿ ತುರುಕಿದರು. ಅಲ್ಲಿಗೆ ಕ್ಷಮೆ ಕೇಳುವ ಕಾರ್ಯಕ್ರಮ ಮುಗಿಯಿತು.

ಆಮೇಲೆ ರಿಜಿಸ್ಟರ್ ಓದಿದೆ. ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದರು. ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಹಿಂದಿ ಬರುತ್ತದೆ, ನಡುನಡುವೆ ಮರಾಠಿ. ಲಾರಿಗಳ ಪುಟವನ್ನು ಎರಡು ಸಲ ಓದಿಸಿದಳು. "ನಾ ಓಡ್ತೀನಿ" ಎಂದ ರಾಯಚೂರಿನ ಮಗುವಿನ ಮಾತಿಗೆ ಟಬ್ಬಿನ ನೀರು ಚೆಲ್ಲುವಷ್ಟು ನಕ್ಕಳು. ಡ್ರಿಲ್ ಮಾಸ್ತರರ ಪುಟ ಬಂದಾಗ ಮಾತ್ರ ನನ್ನ ಕೈ ಹಿಡಿದು ಓದು ನಿಲ್ಲಿಸಿದಳು. ಈ ರಸ್ತೆಯಲ್ಲಿ ಅವಳು ಬೆಳಿಗ್ಗೆ ಅಭ್ಯಾಸ ಮಾಡುವಾಗ ರಿಕ್ಷಾದವರು ಅವಳ ಹಾಗೆ ಸೊಂಟ ಕುಣಿಸಿ ತೋರಿಸುತ್ತಿದ್ದರಂತೆ. ನಡಿಗೆಗಾಗಿ ಒಬ್ಬರು ಶಾಲೆಯ ಗಂಟೆ ಹೊಡೆದರೆಂದರೆ ಅವಳಿಗೆ ನಂಬಲಾಗಲಿಲ್ಲ. "ಇನ್‌ಕೋ ಫೋನ್ ಲಗಾವ್, ಆಂಟಿ."

ಹಚ್ಚಿ ಸ್ಪೀಕರಿಗೆ ಹಾಕಿದೆ. "ಹಲೋ ಸರ್, ಮೈ ಬೋಲ್ ರಹೀ ಹೂಂ. ಗೋಲ್ಡ್ ಮೆಡಲ್ ವಾಲೀ" ಎಂದಳು.

"ಯಾರವ್ವಾ ನೀ?" ಮಾಸ್ತರರ ದನಿ ಕೋಣೆ ತುಂಬಿತು. "ಆಕಿ ನಮ್ಮ ಕನ್ನಡದ ಹುಡುಗಿ. ಹಿಂಗ ಹಿಂದಿ ಮಾತಾಡಂಗಿಲ್ಲ. ರಾಂಗ್ ನಂಬರ್!" ಫೋನ್ ಕಟ್.

ನಾವು ಐದು ನಿಮಿಷ ಏಳಲಾಗದ ಹಾಗೆ ನಕ್ಕೆವು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಲೆಯ ಹತ್ತಿರವೇ ಕೂತುಬಿಟ್ಟರು. ನಗು ಇಳಿದ ಮೇಲೆ ಹುಡುಗಿ ಅಪ್ಪನ ಪಕ್ಕಕ್ಕೆ ಸರಿದು ಕಿವಿಯಲ್ಲಿ ಏನೋ ಕೇಳಿದಳು. ಅಪ್ಪ ಹೇಳಿಕೊಟ್ಟರು, ಅವಳು ತುಟಿಯಲ್ಲೇ ನಾಲ್ಕು ಸಲ ಹೇಳಿಕೊಂಡಳು. ಮತ್ತೆ ಹಚ್ಚಿದಳು.

"ಸರ್, ನಾನಽ ರೀ. ನಡದಾಕಿ. ನೀವು ಘಂಟಿ ಹೊಡದ್ರಂತ... ನನಗ ಭಾಳ ಛಲೋ ಅನಿಸ್ತರಿ."

ಈ ಸಲ ಮಾಸ್ತರರದು ಪರೇಡಿನ ದನಿ. "ಹಿಂಗಽ ನಡೀತಾ ಇರವ್ವಾ. ಲೆಫ್ಟ್, ರೈಟ್, ಲೆಫ್ಟ್." ಅಷ್ಟೇ ಹೇಳಿ ಇಟ್ಟರು. ಹುಡುಗಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಳು.

ಬಾವುಟ ಏರುವಾಗ ಏನನ್ನಿಸಿತು ಎಂದು ನಾನು ಕೇಳಿದೆ. ಎಲ್ಲರೂ ಕೇಳುವ ಪ್ರಶ್ನೆ, ನನಗೂ ಕೇಳದೆ ಇರಲಾಗಲಿಲ್ಲ. ಅವಳು ಸ್ವಲ್ಪ ಯೋಚಿಸಿದಳು. "ಭೂಕ್ ಲಗೀ ಥೀ, ಆಂಟಿ." ಹಸಿವಾಗಿತ್ತು. ಆಮೇಲೆ ತಲೆ ತಗ್ಗಿಸಿ, ರಾಷ್ಟ್ರಗೀತೆಯ ಮೊದಲ ಸಾಲು ಮುಗಿಯುವವರೆಗೆ ಹಸಿವೇ ಇತ್ತು, ಅನಂತರ ಅಪ್ಪ ಇದನ್ನು ನೋಡುತ್ತಿದ್ದಾನೋ ಇಲ್ಲವೋ ಎಂಬ ಯೋಚನೆ ಬಂದು ಮಿಕ್ಕದ್ದೇನೂ ಕೇಳಿಸಲಿಲ್ಲ ಎಂದಳು.

ಅವ್ವ ಜೋಳದ ಹಿಟ್ಟಿನ ಡಬ್ಬಿಯೊಳಗಿಂದ ಪದಕ ತೆಗೆದು ತಂದರು. ಇಡೀ ಗಲ್ಲಿಯವರು ಬಂದು ಮುಟ್ಟಿ ನೋಡುತ್ತಿದ್ದರಿಂದ ಬಚ್ಚಿಟ್ಟಿದ್ದರಂತೆ. ರಿಬ್ಬನ್ನಿಗೆಲ್ಲ ಹಿಟ್ಟು. ಹುಡುಗಿ ಅದನ್ನು ನನ್ನ ಕೊರಳಿಗೆ ಹಾಕಿದಳು. ಇಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಫೋಟೊದಲ್ಲಿ ನಾನು ಬಾಯಿ ತೆರೆದು ನಗುತ್ತಿದ್ದೇನೆ, ಸೀರೆಯ ಮೇಲೆಲ್ಲ ಬಿಳಿ ಹಿಟ್ಟು.

ಸಂಜೆ ಅಪ್ಪ ನನ್ನನ್ನು ಸ್ಟೇಷನ್ನಿನವರೆಗೆ ಬಿಡಲು ಬಂದರು. ಗೋದಾಮಿನಲ್ಲಿ ಸುದ್ದಿ ಬಂದಾಗ ಏನಾಯಿತೆಂದು ದಾರಿಯಲ್ಲಿ ಕೇಳಿದೆ.

"ಸೂಪರ್‌ವೈಸರ್ ಮೊಬೈಲ್ನ್ಯಾಗ ನೋಡಿದ್ವಿ. ಬಿಹಾರದವ್ರು, ಯುಪಿದವ್ರು, ಒಡಿಶಾದವ್ರು, ನಾ ಒಬ್ಬಾಂವ ಕರ್ನಾಟಕದಾಂವ. ಆಕಿ ನನ್ನ ಮಗಳು ಅಂದೆ. ಯಾರೂ ನಂಬ್ಲಿಲ್ಲ. ಆಮ್ಯಾಲ ಆಕಿ ಹೆಸರಿನ ಕೂಡ ನನ್ನ ಹೆಸರು ಬಂತು ನೋಡ್ರಿ ಮೊಬೈಲ್ನ್ಯಾಗ, ಅದನ್ನ ಓದಿದ್ರು." ಅವರು ನಿಂತರು. "ಹಿಡದು ಎತ್ತೇ ಬಿಟ್ರು. ಚೀಲ ಎತ್ತಿದಂಗ, ಒಂದಽ ಏಟಿಗೆ ಹೆಗಲ ಮ್ಯಾಲ. ಇಂಡಿಯಾ ಇಂಡಿಯಾ ಅಂತ ಒದರಕೋತ ಗೋದಾಮ ತುಂಬ ತಿರಗ್ಸಿದ್ರು. ಮೂವತ್ತು ವರ್ಷ ನಾ ಮಂದಿ ಮಾಲು ಹೊತ್ತೀನ್ರಿ. ಅವತ್ತ ನನ್ನನ್ನ ಹೊತ್ರು."

ನಾನೂ ನಿಂತೆ. "ಆಗ ಏನನ್ನಿಸಿತು ಅಣ್ಣ?"

"ಅಂಜಿಕಿ ಆತ್ರಿ," ಎಂದರು ಗಂಭೀರವಾಗಿ. "ಅವರು ಮಾಲು ಹೆಂಗ ಒಗೀತಾರ ಅಂತ ನನಗ ಗೊತ್ತೈತಲ್ಲ!"

ನಾವಿಬ್ಬರೂ ಪ್ಲಾಟ್‌ಫಾರ್ಮಿನಲ್ಲಿ ನಿಂತು ಎಷ್ಟು ನಕ್ಕೆವೆಂದರೆ, ಪನ್ವೇಲಿನಿಂದ ಬಂದ ಠಾಣೆ ಗಾಡಿ ನಮ್ಮ ಮುಂದೆಯೇ ನಿಂತು, ಬಾಗಿಲಲ್ಲಿದ್ದವರು ನಮ್ಮನ್ನು ನೋಡುತ್ತಿರುವಂತೆಯೇ ಹೊರಟುಹೋಯಿತು.